ಕಂಟ್ರೋಲ್ ಕಿತ್ತ ಕಿದ್ವಾಯಿ

ಬೆಂಗಳೂರಿನವರಿಗೆ ಕಿದ್ವಾಯಿ ಅಂದ್ರೆ ಕ್ಯಾನ್ಸರ್ ಆಸ್ಪತ್ರೆ. ಆ ಹೆಸರಿನ ಮನುಷ್ಯ ದೇಶದ ಅಕ್ಕಿ-ಗೋಧಿ ಮಾರುಕಟ್ಟೆಯಲ್ಲಿ ಆಡಿದ ಜೂಜು ಹೆಚ್ಚಿನವರಿಗೆ ಗೊತ್ತಿಲ್ಲ.

ರಫಿ ಅಹ್ಮದ್ ಕಿದ್ವಾಯಿ ಹುಟ್ಟಿದ್ದು 1894ರಲ್ಲಿ, ಈಗಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯಲ್ಲಿ. ಅಲಿಗಢದಲ್ಲಿ ಓದು, ಚಳವಳಿ, ಜೈಲು, ಮೋತಿಲಾಲ್ ನೆಹರೂ ಅವರಿಗೆ ಕಾರ್ಯದರ್ಶಿ. 1951ರಲ್ಲಿ ಮುನಿಸಿಕೊಂಡು ಕಾಂಗ್ರೆಸ್ ಬಿಟ್ಟು ಮತ್ತೆ ಮರಳಿದವರಿಗೆ 1952ರಲ್ಲಿ ಆಹಾರ ಖಾತೆ ಸಿಕ್ತು.

ಯುದ್ಧಕಾಲದಿಂದಲೂ ರೇಷನ್ ಇತ್ತು. ಸರ್ಕಾರ ದರ ಬಿಗಿದಷ್ಟೂ ಧಾನ್ಯ ಕಾಳಸಂತೆಗೆ ಜಾರುತ್ತಿತ್ತು. ಹಾಗಂತ ಸುಮ್ಮನೆ ಕಂಟ್ರೋಲ್ ತೆಗೆದರೂ ಆಗಲ್ಲ: 1947ರ ಕೊನೆಗೆ ತೆಗೆದು, ಬೆಲೆ ಏರಿ, 1948ರಲ್ಲೇ ಮತ್ತೆ ಹೇರಬೇಕಾಗಿತ್ತು.

ಕೊರತೆಯಲ್ಲಿ ಒಂದು ಪಾಲು ಬರೀ ಹೆದರಿಕೆ ಅನ್ನೋದು ಕಿದ್ವಾಯಿ ಲೆಕ್ಕ. ನಾಳೆ ಸಿಗುತ್ತೋ ಇಲ್ವೋ ಅಂತ ವ್ಯಾಪಾರಿ, ರೈತ, ಮನೆಯವರು ಎಲ್ಲರೂ ಕೂಡಿಡ್ತಾರೆ. ಸರ್ಕಾರದ ಗೋದಾಮಿನಲ್ಲಿ ಸಾಕಷ್ಟು ದಾಸ್ತಾನಿದೆ ಅಂತ ನಂಬಿಕೆ ಬಂದರೆ ಮುಚ್ಚಿಟ್ಟ ಚೀಲಗಳೂ ಹೊರಬರ್ತವೆ. ಹಾಗಾಗಿ ದಾಸ್ತಾನು ಕೈಲಿಟ್ಟುಕೊಂಡೇ ಹಂತ ಹಂತವಾಗಿ ಸಡಿಲಿಸಿದರು. ಮದ್ರಾಸಿನಲ್ಲಿ ರಾಜಾಜಿ 1952ರಲ್ಲೇ ರೇಷನ್ ತೆಗೆದಿದ್ದರು. 1954ರ ಹೊತ್ತಿಗೆ ಕಂಟ್ರೋಲ್ ಬಹುತೇಕ ಹೋಯ್ತು, ಬೆಲೆ ಹಾರಲಿಲ್ಲ.

ಮಳೆ ಕೈಹಿಡಿದಿತ್ತು, ನಿಜ. ಅದನ್ನು ಮರೆತು ಅವರನ್ನು ಮುಕ್ತ ಮಾರುಕಟ್ಟೆಯ ಹೀರೋ ಮಾಡೋದನ್ನ ನಾನಂತೂ ಒಪ್ಪಲ್ಲ. ಸರ್ಕಾರ ಮಾರುಕಟ್ಟೆಯಿಂದ ಎದ್ದು ಹೋಗಿರಲಿಲ್ಲ, ಚೀಲ ಇಟ್ಟುಕೊಂಡು ಬಾಗಿಲಲ್ಲೇ ಕೂತಿತ್ತು.

1954ರ ಅಕ್ಟೋಬರ್ 24ರಂದು ಕಿದ್ವಾಯಿ ತೀರಿಕೊಂಡರು. ಬಿಟ್ಟುಹೋದದ್ದು ಸಾಲ, ಜೊತೆಗೆ ಹಳ್ಳಿಯಲ್ಲೊಂದು ಶಿಥಿಲ ಮನೆ. ಮೂರೇ ವರ್ಷ, ಬೆಲೆ ಏರತೊಡಗಿದ್ದೇ 1957ರಲ್ಲಿ ಗೋಧಿ, ಅಕ್ಕಿಗೆ ವಲಯಗಳ ನಿರ್ಬಂಧ ವಾಪಸ್ ಬಂತು.