ಪೆಲ್ಲಾ: ಹಿಂತಿರುಗದವನ ಊರು

ಅಲೆಕ್ಸಾಂಡರನ ಚರಿತ್ರೆಯನ್ನು ತೆರೆದಾಗಲೆಲ್ಲ ನನ್ನ ಮನಸ್ಸು ಮೊದಲು ಹೋಗುವುದು ರಣರಂಗಗಳಿಗಲ್ಲ, ಉತ್ತರ ಗ್ರೀಸಿನ ಪೆಲ್ಲಾ ಎಂಬ ಹಾಳೂರಿಗೆ. ಕ್ರಿ. ಪೂ. 356ರಲ್ಲಿ ಅವನು ಹುಟ್ಟಿದ್ದು ಅಲ್ಲಿ. ಆಗ ಮ್ಯಾಸಿಡೋನಿಯದ ರಾಜಧಾನಿಯಾಗಿದ್ದ ಆ ಪಟ್ಟಣದವರೆಗೆ ಹಡಗುಗಳು ಬರುತ್ತಿದ್ದವು. ನದಿಗಳು ತಂದ ಮಣ್ಣು ತುಂಬುತ್ತ ಕಡಲು ದೂರ ಸರಿಯಿತು. 1957ರಲ್ಲಿ ಆರಂಭವಾದ ಉತ್ಖನನದಲ್ಲಿ ನೇರವಾದ ಬೀದಿಗಳೂ, ನುಣುಪಾದ ಉರುಟುಕಲ್ಲುಗಳನ್ನು ಜೋಡಿಸಿ ನೆಲದ ಮೇಲೆ ರಚಿಸಿದ ಸಿಂಹಬೇಟೆಯ ಚಿತ್ರವೂ ಹೊರಬಿದ್ದವು. ಬೇಟೆಗಾರರಲ್ಲೊಬ್ಬನು ಅಲೆಕ್ಸಾಂಡರನೇ ಎಂದು ಕೆಲವರ ಊಹೆ. ಇರಬಹುದು, ಆದರೆ ಆ ನೆಲಗಟ್ಟು ಸಿದ್ಧವಾದಾಗ ಅವನಂತೂ ಊರಿನಲ್ಲಿರಲಿಲ್ಲ.

ತಂದೆ ಫಿಲಿಪ್ಪನ ಕೊಲೆಯಾದಾಗ ಅವನಿಗೆ 20 ವರ್ಷ. ಕ್ರಿ. ಪೂ. 334ರಲ್ಲಿ ಏಷ್ಯಾಕ್ಕೆ ದಂಡೆತ್ತಿ ಹೊರಟವನು ಮತ್ತೆ ಆ ಬೀದಿಗಳಲ್ಲಿ ಕಾಲಿಡಲಿಲ್ಲ. ಪರ್ಷಿಯವನ್ನು ಗೆದ್ದನು, ಪಂಜಾಬಿನವರೆಗೆ ಬಂದನು. ಕ್ರಿ. ಪೂ. 326ರಲ್ಲಿ ಬಿಯಾಸ್ ನದಿಯ ದಡದಲ್ಲಿ ಅವನನ್ನು ತಡೆದವರು ಶತ್ರುಗಳಲ್ಲ, ಮನೆಮಠಗಳಿಗಾಗಿ ಹಂಬಲಿಸಿದ ಅವನ ಸೈನಿಕರೇ. ಆ ಹಂಬಲ ಅವನಲ್ಲಿಯೂ ಇತ್ತೆಂದು ನನಗೆ ತೋರುವುದಿಲ್ಲ. ದೇಶದೇಶಗಳಲ್ಲಿ ತನ್ನ ಹೆಸರಿನ ನಗರಗಳನ್ನು ಕಟ್ಟಿಸಿದನು. ತಾಯಿ ಒಲಿಂಪಿಯಸಳು ಮಾತ್ರ ಮಗನನ್ನು ಮತ್ತೆ ಕಾಣಲಿಲ್ಲ.

ಕ್ರಿ. ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ತೀರಿಕೊಂಡಾಗ ಅವನಿಗೆ 33 ತುಂಬಿರಲಿಲ್ಲ. ಸ್ವದೇಶಕ್ಕೆ ಅವನ ದೇಹವೂ ಬರಲಿಲ್ಲ. ಅದನ್ನು ಹೊತ್ತ ರಥವನ್ನು ಸೇನಾನಿ ಟಾಲೆಮಿಯು ದಾರಿಯಲ್ಲಿಯೇ ವಶಪಡಿಸಿಕೊಂಡು ಈಜಿಪ್ಟಿಗೆ ಒಯ್ದನು.