ಸಿಂಧೂ ವ್ಯಾಜ್ಯದಲ್ಲಿ ಬೆನಗಲ್ ನರಸಿಂಗರಾಯರು

ಸರ್ ಬೆನಗಲ್ ನರಸಿಂಗರಾಯರ ಹೆಸರೆತ್ತಿದೊಡನೆ ನೆನಪಿಗೆ ಬರುವುದು ಭಾರತದ ಸಂವಿಧಾನ. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿಕೊಟ್ಟ ಕರಡೇ ಮುಂದಿನ ಕೆಲಸಕ್ಕೆ ತಳಹದಿಯಾಯಿತೆಂಬುದು ಓದುಬಲ್ಲವರಿಗೆಲ್ಲ ತಿಳಿದ ಸಂಗತಿ. ಆ ಕೀರ್ತಿಗೆ ನಾನು ಹೊಸದಾಗಿ ಸೇರಿಸಬೇಕಾದುದು ಏನೂ ಇಲ್ಲ. ಆದರೆ ಅದರ ನೆರಳಿನಲ್ಲಿ ಅವರ ಇನ್ನೊಂದು ಕಾರ್ಯ ಮರೆಯಾಗಿದೆ. ಇನ್ನೂ ಕಟ್ಟದಿದ್ದ ಒಂದು ಅಣೆಕಟ್ಟಿನ ವಿಷಯದಲ್ಲಿ ಎರಡು ಪ್ರಾಂತಗಳ ನಡುವೆ ಹುಟ್ಟಿದ ಜಗಳವನ್ನು 1941-42ರಲ್ಲಿ ಅವರು ವಿಚಾರಿಸಿದರು. ರಾಯರ ಬುದ್ಧಿಯ ಬಗೆಯನ್ನು ಅರಿಯಲು ಸಂವಿಧಾನಕ್ಕಿಂತಲೂ ಆ ವಿಚಾರಣೆಯೇ ಹೆಚ್ಚು ಸಹಾಯಕವೆಂದು ನನಗೆ ತೋರುತ್ತದೆ.

ರಾಯರು ದಕ್ಷಿಣ ಕನ್ನಡದವರು. 1887ರಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಮಂಗಳೂರಿನ ಕೆನರಾ ಹೈಸ್ಕೂಲು, ಬಳಿಕ ಮದರಾಸು, ಆ ಮೇಲೆ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು. ಸಂಸ್ಕೃತ, ಇಂಗ್ಲಿಷ್, ಭೌತಶಾಸ್ತ್ರಗಳಲ್ಲಿ ಮೊದಲ ದರ್ಜೆ ಪಡೆದ ಈ ತರುಣ ಕೇಂಬ್ರಿಜ್ಜಿನಲ್ಲಿ ಓದಿದ್ದು ಗಣಿತ. ಐ.ಸಿ.ಎಸ್. ಸೇರಿ ಬಂಗಾಳಕ್ಕೆ ಹೋದರು. ಅಸ್ಸಾಮಿನಲ್ಲಿ ಬಹುಕಾಲ ಕಾನೂನಿನ ಕಾರ್ಯದರ್ಶಿಯಾಗಿದ್ದರು. ಕೊನೆಗೆ ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಅವರನ್ನು ಅಲ್ಲಿಂದ ಎಬ್ಬಿಸಿ ಸಿಂಧೂ ಆಯೋಗದ ಅಧ್ಯಕ್ಷರನ್ನಾಗಿ ಮಾಡಿದರು.

ಸಿಂಧ್ 1936ರವರೆಗೆ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ನಮ್ಮ ಧಾರವಾಡ, ಬೆಳಗಾಂವಿಗಳಿಗೂ ಅದಕ್ಕೂ ಒಂದೇ ಆಡಳಿತ. ಬೇರೆಯಾದ ಕೆಲವೇ ವರ್ಷಗಳಲ್ಲಿ ಆ ಪ್ರಾಂತ ಪಂಜಾಬಿನ ಮೇಲೆ ದೂರಿತ್ತಿತು. ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಬೇಕೆಂಬುದು ಪಂಜಾಬಿನ ಯೋಜನೆ. ಇದೂ ಅದರ ಇತರ ಯೋಜನೆಗಳೂ ಕೂಡಿದರೆ ಕೆಳಗಿನ ನಮ್ಮ ಬೆಳೆ ಉಳಿಯದು ಎಂಬುದು ಸಿಂಧಿನ ಭಯ.

ಈ ಭಯದ ಕಾರಣವನ್ನು ತಿಳಿಯಬೇಕಾದರೆ ನೆರೆನಾಲೆಯೆಂದರೇನೆಂದು ಅರಿತಿರಬೇಕು. ಸುಕ್ಕೂರಿನಲ್ಲಿ 1932ರಲ್ಲಿ ಬಾಗಿಲುಗಳುಳ್ಳ ಕಟ್ಟೆಯಾಗಿತ್ತು. ಅದರ ನಾಲೆಗಳು ತಲಪದ ಮೇಲಣ ಮತ್ತು ಕೆಳಗಣ ಸಿಂಧಿನ ಹೊಲಗಳು ಹಳೆಯ ನೆರೆನಾಲೆಗಳನ್ನೇ ನಂಬಿದ್ದವು. ಇಂಥ ನಾಲೆಯ ಬಾಯಿಗೆ ಅಡ್ಡಕಟ್ಟೆಯ ಆಸರೆಯಿಲ್ಲ. ಬೇಸಗೆಯ ಹಿಮ ಕರಗಿ, ಮಳೆ ಸುರಿದು, ನದಿ ತಾನಾಗಿ ಏರಿದಾಗ ಮಾತ್ರ ನೀರು ಒಳನುಗ್ಗುತ್ತದೆ. ನದಿ ಇಳಿದರೆ ನಾಲೆ ಬರಿದು. ಆದುದರಿಂದ ಇಲ್ಲಿ ಮುಖ್ಯವಾದುದು ಹರಿಯುವ ನೀರಿನ ಮೊತ್ತವಲ್ಲ, ಮಟ್ಟ. ನದಿಯಲ್ಲಿ ಅಪಾರ ಜಲರಾಶಿ ಸಮುದ್ರದತ್ತ ಹೋಗುತ್ತಿದ್ದರೂ ಅದರ ಮಟ್ಟ ನಾಲೆಯ ಬಾಯಿಗಿಂತ ಒಂದು ಗೇಣು ತಗ್ಗಿದ್ದರೆ ಒಕ್ಕಲಿಗನಿಗೆ ಅದರಿಂದ ಪ್ರಯೋಜನವಿಲ್ಲ. ಸೆಪ್ಟೆಂಬರಿನಲ್ಲಿ ನೆರೆ ತಾನಾಗಿಯೇ ಇಳಿಯತೊಡಗುತ್ತದೆ. ಪೈರಿಗೆ ಕೊನೆಯ ನೀರು ಬೇಕಾಗುವುದು ಆಗಲೇ. ಮೇಲೆ ಜಲಾಶಯ ತುಂಬಿಸಿಕೊಳ್ಳುವವರಿಗೂ ಆ ತಿಂಗಳು ಬೇಕು.

ವ್ಯಾಜ್ಯದಲ್ಲಿ ಎರಡು ಸಿದ್ಧಾಂತಗಳು ಎದುರಾಗುವಂತಿದ್ದವು. ನದಿ ಹಿಂದಿನಂತೆಯೇ ಕುಂದಿಲ್ಲದೆ ಹರಿದು ಬರಬೇಕೆಂಬುದು ಕೆಳಗಿನವನ ಹಕ್ಕೆಂದು ಒಂದು. ನನ್ನ ನೆಲದಲ್ಲಿ ಹರಿಯುವಷ್ಟೂ ಕಾಲ ನೀರು ನನ್ನದೆಂದು ಮತ್ತೊಂದು. ಇವೆರಡರಲ್ಲಿ ಒಂದನ್ನು ಹಿಡಿದು ತೀರ್ಪು ಬರೆಯುವುದು ವಕೀಲನಾದವನಿಗೆ ಸುಲಭ. ರಾಯರು ಎರಡನ್ನೂ ಬದಿಗಿಟ್ಟರು. ಉಭಯರೂ ಒಪ್ಪಂದದಿಂದ ಹಂಚಿಕೊಳ್ಳುವುದೇ ಮೇಲು, ಅದಾಗದಿದ್ದರೆ ಪ್ರತಿಯೊಬ್ಬನಿಗೂ ನ್ಯಾಯವಾದ ಪಾಲು ಎಂಬ ತತ್ತ್ವವನ್ನು ಹಿಡಿದರು. ತತ್ತ್ವ ಹೇಳುವುದು ಕಷ್ಟವಲ್ಲ. ಪಾಲು ಎಷ್ಟೆಂಬುದೇ ಕಷ್ಟ. ಅದಕ್ಕೆ ನದಿಯ ಮಟ್ಟದ ಲೆಕ್ಕವನ್ನು ತಿಂಗಳು ತಿಂಗಳಿಗೂ ಹಾಕಬೇಕು.

ಇಲ್ಲಿ 1935ರ ಶಾಸನ ಅವರಿಗೆ ನೆರವಾಯಿತು. ನೀರಾವರಿ, ಎಂಜಿನಿಯರಿಂಗ್, ಆಡಳಿತ, ಹಣಕಾಸು, ಕಾನೂನುಗಳನ್ನು ಬಲ್ಲವರಿಂದ ಆಯೋಗ ರಚಿಸಬೇಕೆಂದು ಅದರಲ್ಲಿತ್ತು. ಆದ್ದರಿಂದ ನ್ಯಾಯಾಧೀಶರೊಡನೆ ಇಬ್ಬರು ಎಂಜಿನಿಯರರು ಸಮಾನ ಸದಸ್ಯರಾಗಿ ಕುಳಿತರು. ಕನ್ನಂಬಾಡಿಯ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ 1914ರಲ್ಲಿ ನಡೆದ ಪಂಚಾಯ್ತಿಯಲ್ಲಿ ಹೀಗಿರಲಿಲ್ಲ. ಅಲ್ಲಿ ನಿರ್ಣಯ ನ್ಯಾಯಾಧೀಶ ಗ್ರಿಫಿನ್ನರದು. ಎಂಜಿನಿಯರು ನೆದರ್‌ಸೋಲ್ ಅವರ ಸಹಾಯಕರಷ್ಟೆ.

1942ರ ಜುಲೈಯಲ್ಲಿ ಸಿಂಧೂ ಆಯೋಗದ ವರದಿ ಹೊರಬಿತ್ತು. ಸಿಂಧಿನ ಭಯ ನಿಜವೆಂದು, ಅದರಲ್ಲಿಯೂ ಸೆಪ್ಟೆಂಬರಿನ ಹಾನಿ ಗಣನೀಯವೆಂದು ಆಯೋಗ ಕಂಡುಕೊಂಡಿತು. ಹಾಗೆಂದು ಭಾಕ್ರಾವನ್ನು ಕಟ್ಟಬಾರದೆನ್ನಲಿಲ್ಲ. ಮೇಲಣ ಸಿಂಧಿನಲ್ಲಿ ಒಂದು, ಕೆಳಗಣ ಸಿಂಧಿನಲ್ಲಿ ಒಂದು, ಹೀಗೆ ಎರಡು ಹೊಸ ಕಟ್ಟೆಗಳಾಗಲಿ. ಬಾಗಿಲು ಮುಚ್ಚಿ ನದಿಯ ಮಟ್ಟವನ್ನು ಏರಿಸಿದರೆ ಕಡಮೆ ನೀರಿನಲ್ಲಿಯೂ ನಾಲೆ ತುಂಬುತ್ತದೆ. ಆ ವೆಚ್ಚಕ್ಕೆ ಪಂಜಾಬು 2 ಕೋಟಿ ರೂಪಾಯಿ ಕೊಡಲಿ ಎಂದಿತು. ಕಟ್ಟಡದಿಂದ ಹುಟ್ಟಿದ ಜಗಳಕ್ಕೆ ಇನ್ನೆರಡು ಕಟ್ಟಡಗಳನ್ನೇ ಪರಿಹಾರವಾಗಿ ಸೂಚಿಸಿದ ಈ ನ್ಯಾಯಾಧೀಶರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಗಣಿತದ ಅಭ್ಯಾಸ ವ್ಯರ್ಥವಾಗಿರಲಿಲ್ಲ.

ಆದರೆ ಎರಡು ಪ್ರಾಂತಗಳಿಗೂ ಅದು ಹಿಡಿಸಲಿಲ್ಲ. ಎರಡೂ ಮೇಲ್ಮನವಿ ಸಲ್ಲಿಸಿದವು. ಬಳಿಕ ಅವುಗಳ ಮುಖ್ಯ ಎಂಜಿನಿಯರರೇ ಕೂಡಿ 1945ರಲ್ಲಿ ನೀರಿನ ಹಂಚಿಕೆಯ ಕರಡನ್ನು ಸಿದ್ಧಪಡಿಸಿದರು. ನೀರಿನಲ್ಲಿ ಒಪ್ಪಿದವರು ಹಣದಲ್ಲಿ ಒಪ್ಪಲಿಲ್ಲ. ಅಷ್ಟರಲ್ಲಿ 1947 ಬಂತು. ನದಿಯ ನಡುವೆ ದೇಶದ ಗಡಿ ಬಿತ್ತು. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬು ಪಶ್ಚಿಮದ ಕೆಲವು ನಾಲೆಗಳಿಗೆ ನೀರು ನಿಲ್ಲಿಸಿತು. ಪ್ರಾಂತಗಳ ವ್ಯಾಜ್ಯ ರಾಷ್ಟ್ರಗಳ ವೈರಕ್ಕೆ ತಿರುಗಿತು, 1960ರವರೆಗೆ ಒಪ್ಪಂದವಾಗಲಿಲ್ಲ. ಐದು ವರ್ಷಗಳ ಕಾಲಾವಕಾಶವಿದ್ದಾಗ ಒಂದಿಷ್ಟು ಹಣದ ಮೇಲೆ ಹಟ ಹಿಡಿದವರನ್ನು ನೆನೆದಾಗ ನನಗೆ ಈಗಲೂ ವ್ಯಥೆಯಾಗುತ್ತದೆ.

ರಾಯರು ಅನಂತರ ಕಾಶ್ಮೀರದ ಪ್ರಧಾನಮಂತ್ರಿಗಳಾದರು, ಸಂವಿಧಾನದ ಸಲಹೆಗಾರರಾದರು, ವಿಶ್ವಸಂಸ್ಥೆಯ ಭದ್ರತಾಮಂಡಲಿಯಲ್ಲಿ ಭಾರತದ ಪ್ರತಿನಿಧಿಯಾದರು. ನದಿ ವ್ಯಾಜ್ಯಗಳಿಗೆ ಆಯೋಗ ನೇಮಿಸುವ ಹಳೆಯ ಕ್ರಮ ಸಂವಿಧಾನದ ಕರಡಿನಲ್ಲಿ ಉಳಿದಿತ್ತಾದರೂ ಕೊನೆಗೆ ಬಿಟ್ಟುಹೋಯಿತು. ವಿಷಯವನ್ನು ಪಾರ್ಲಿಮೆಂಟಿಗೆ ಬಿಡುವ 262ನೆಯ ವಿಧಿ ಅದರ ಸ್ಥಾನಕ್ಕೆ ಬಂತು. 1956ರ ಶಾಸನದಂತೆ ನ್ಯಾಯಮಂಡಲಿಯ ಪೀಠ ನ್ಯಾಯಾಧೀಶರದು. ಎಂಜಿನಿಯರು ಸಲಹೆಗಾರನಾಗಿ ಬದಿಯಲ್ಲಿ ಕೂಡಬಹುದು. ಕೃಷ್ಣೆ, ಕಾವೇರಿಗಳ ವ್ಯಾಜ್ಯಗಳು ಈ ಕ್ರಮದಲ್ಲಿಯೇ ನಡೆದವು. ನ್ಯಾಯವಾದ ಪಾಲೆಂಬ ತತ್ತ್ವವನ್ನು ನಾವು ಉಳಿಸಿಕೊಂಡೆವು. ಆ ಪಾಲನ್ನು ಒಟ್ಟಿಗೆ ಕುಳಿತು ಅಳೆದ ಮೇಜನ್ನು ಉಳಿಸಿಕೊಳ್ಳಲಿಲ್ಲ.

ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ, 1953ರ ನವೆಂಬರ್ 30ರಂದು, ರಾಯರು ಜ್ಯೂರಿಕ್ಕಿನಲ್ಲಿ ತೀರಿಕೊಂಡರು. ಎರಡು ವರ್ಷಗಳ ಬಳಿಕ ಕೆಳಗಣ ಸಿಂಧಿನ ಕೋಟ್ರಿಯಲ್ಲಿ ಕಟ್ಟೆ ಪೂರೈಸಿತು. ಮೇಲಣ ಸಿಂಧಿನ ಗುಡ್ಡುವಿನಲ್ಲಿ 1962ರಲ್ಲಿ. ಮರು ವರ್ಷ ಗಡಿಯ ಈಚೆ ಭಾಕ್ರಾ ಅಣೆಕಟ್ಟನ್ನು ರಾಷ್ಟ್ರಕ್ಕೆ ಅರ್ಪಿಸಲಾಯಿತು.