ನೋಡಿ ನಂಬಿದ ವೈದ್ಯ: ವರ್ನರ್ ಫೋರ್ಸ್‌ಮನ್

ವರ್ನರ್ ಫೋರ್ಸ್‌ಮನ್ ೧೯೦೪ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದನು. ವೈದ್ಯವಿದ್ಯೆಯನ್ನು ಮುಗಿಸಿ, ಸಮೀಪದ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯನ್ನು ಸೇರಿದನು. ಎದೆಯನ್ನು ಸೀಳದೆ, ತೋಳಿನ ಸಿರೆಯ ಮಾರ್ಗವಾಗಿಯೇ ಹೃದಯವನ್ನು ಮುಟ್ಟಬಹುದು, ಪ್ರಾಣಾಪಾಯದಲ್ಲಿರುವ ರೋಗಿಗೆ ಔಷಧವನ್ನು ನೇರವಾಗಿ ಅಲ್ಲಿಗೇ ತಲಪಿಸಬಹುದು ಎಂಬುದು ಅವನ ಕಲ್ಪನೆ. ಬದುಕಿರುವವನ ಹೃದಯಕ್ಕೆ ಹೊರವಸ್ತು ತಗುಲಿದರೆ ಸಾವು ನಿಶ್ಚಯವೆಂದು ಬಹುಮಂದಿ ನಂಬಿದ್ದ ಕಾಲವದು. ಹಿರಿಯ ವೈದ್ಯನು ಅನುಮತಿ ಕೊಡಲಿಲ್ಲ.

೧೯೨೯ರಲ್ಲಿ ಫೋರ್ಸ್‌ಮನ್ ಅಪ್ಪಣೆಯನ್ನು ಮೀರಿದನು. ಉಪಕರಣಗಳು ದಾದಿಯ ವಶದಲ್ಲಿದ್ದವು. ಪ್ರಯೋಗಕ್ಕೆ ತಾನೇ ಒಳಗಾಗುವೆನೆಂದು ಆಕೆ ಮುಂದೆ ಬಂದಳು. ಅವನು ಆಕೆಯನ್ನು ಮೇಜಿಗೆ ಬಿಗಿದು, ಆಕೆಯ ಕಣ್ಣಿಗೆ ಬೀಳದಂತೆ ತನ್ನ ಎಡತೋಳನ್ನು ಮರಗಟ್ಟಿಸಿ, ಸಿರೆಯನ್ನು ತೆರೆದು, ಮೂತ್ರನಾಳಕ್ಕೆ ಬಳಸುವ ತೆಳುವಾದ ನಳಿಕೆಯನ್ನು ಒಳಕ್ಕೆ ಸರಿಸಿದನು.

ಇಲ್ಲಿಯವರೆಗಿನದು ಸಾಹಸ. ಹಸ್ತಪ್ರತಿಯನ್ನು ಕಣ್ಣಾರೆ ನೋಡದೆ ಪಾಠವನ್ನು ನಿರ್ಣಯಿಸಬಾರದೆಂದು ವಿದ್ಯಾರ್ಥಿಗಳಿಗೆ ಹೇಳುವ ನನ್ನನ್ನು ಸೆಳೆಯುವುದು ಮುಂದಿನ ಸಂಗತಿ. ಸಿರೆಯನ್ನು ಹೊಕ್ಕ ನಳಿಕೆ ದಾರಿ ತಪ್ಪಿ ಕೊರಳಿನತ್ತಲೂ ತಿರುಗಬಹುದು. ಕೈಗೆ ಅದು ತಿಳಿಯದು. ಫೋರ್ಸ್‌ಮನ್ ಊಹೆಯಿಂದ ತೃಪ್ತನಾಗಲಿಲ್ಲ. ದಾದಿಯ ಕಟ್ಟನ್ನು ಬಿಚ್ಚಿ, ತೋಳಿನಲ್ಲಿ ನಳಿಕೆಯಿರುವಂತೆಯೇ ಆಕೆಯೊಡನೆ ಮೆಟ್ಟಿಲಿಳಿದು ಕ್ಷ-ಕಿರಣದ ಕೋಣೆಗೆ ನಡೆದನು. ತೆರೆಯ ಮೇಲೆ ಮೂಡಿದ ಬಿಂಬವನ್ನು ಆಕೆ ಹಿಡಿದ ಕನ್ನಡಿಯಲ್ಲಿ ನೋಡಿದನು. ಅವನು ಪ್ರಕಟಿಸಿದ ಲೆಕ್ಕದಂತೆ ೬೫ ಸೆಂಟಿಮೀಟರು ಒಳಹೊಕ್ಕ ನಳಿಕೆಯ ತುದಿ ಹೃದಯದ ಬಲಭಾಗದಲ್ಲಿದ್ದಿತು. ಕೂಡಲೇ ಚಿತ್ರ ತೆಗೆಸಿದನು. ಆ ಚಿತ್ರವಿಲ್ಲದಿದ್ದರೆ ಅವನ ಮಾತು ಬರಿಯ ಮಾತಾಗಿಯೇ ಉಳಿಯುತ್ತಿತ್ತು.

ಅದೇ ವರ್ಷ ಲೇಖನ ಪ್ರಕಟವಾದರೂ ಮನ್ನಣೆ ದೊರೆಯಲಿಲ್ಲ. ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ಕೆಲಸ ಕೈತಪ್ಪಿತು. ಕಡೆಗೆ ಮೂತ್ರರೋಗಗಳ ಚಿಕಿತ್ಸೆಯತ್ತ ತಿರುಗಿದನು. ೧೯೩೨ರಲ್ಲಿ ನಾಜಿ ಪಕ್ಷವನ್ನು ಸೇರಿದ್ದು ಅವನ ಬಾಳಿನ ಕಳಂಕ. ಅವನ ಧೈರ್ಯವನ್ನು ಹೊಗಳುವವರು ಅದನ್ನು ಮರೆಮಾಚಲಾಗದು. ಯುದ್ಧದಲ್ಲಿ ಸೈನ್ಯದ ವೈದ್ಯನಾಗಿ ದುಡಿದು ಸೆರೆಯಾಳೂ ಆದನು. ಇತ್ತ ನ್ಯೂಯಾರ್ಕಿನಲ್ಲಿ ಆಂದ್ರೆ ಕೂರ್ನಾನ್ ಮತ್ತು ಡಿಕಿನ್‌ಸನ್ ರಿಚರ್ಡ್ಸ್ ಅವನ ಮಾರ್ಗವನ್ನೇ ಬೆಳೆಸಿ, ಹೃದಯದೊಳಗಿನ ರಕ್ತದ ಒತ್ತಡವನ್ನು ಅಳೆದರು. ೧೯೫೬ರ ನೊಬೆಲ್ ಬಹುಮಾನ ಮೂವರಿಗೂ ಸಂದಿತು. ಫೋರ್ಸ್‌ಮನ್ ೧೯೭೯ರಲ್ಲಿ ತೀರಿಕೊಂಡನು.

ಇಂದು ಕೊರಳಿನ ಇಲ್ಲವೆ ತೋಳಿನ ಸಿರೆಯಿಂದ ಇಂತಹ ನಳಿಕೆಯನ್ನಿಟ್ಟ ವೈದ್ಯರು ಅದರ ತುದಿಯನ್ನು ಸಾಮಾನ್ಯವಾಗಿ ಹೃದಯದೊಳಕ್ಕೆ ಬಿಡದೆ, ಮೇಲಣ ಮಹಾಸಿರೆಯು ಹೃದಯವನ್ನು ಕೂಡುವ ಎಡೆಯಲ್ಲಿ ನಿಲ್ಲಿಸುತ್ತಾರೆ. ಅದು ಅಲ್ಲಿಯೇ ಇದೆಯೇ, ಶ್ವಾಸಕೋಶಕ್ಕೆ ಗಾಯವಾಗಿಲ್ಲವಷ್ಟೆ ಎಂಬುದನ್ನು ಎದೆಯ ಕ್ಷ-ಕಿರಣ ಚಿತ್ರದಿಂದಲೋ ಹೊಸ ಸಾಧನಗಳಿಂದಲೋ ಖಚಿತಪಡಿಸಿಕೊಳ್ಳುತ್ತಾರೆ. ಕೈ ಎಷ್ಟೇ ಪಳಗಿದ್ದರೂ ಕಣ್ಣಿನ ಸಾಕ್ಷ್ಯ ಬೇಕೆಂಬ ಈ ವಿನಯವು ಎಷ್ಟೋ ರೋಗಿಗಳ ಪ್ರಾಣವನ್ನು ಕಾಯುತ್ತಿದೆ.